ಹೌಬೇರದ ಮೊದಲ ಮುಷ್ಟಿ

ಲಕ್ಷ್ಮೇಶ್ವರದ ಅತ್ತಾರ ಲಾಡಸಾಬ ಹೋದ ವಾರ ಮುಂಡರಗಿಯಲ್ಲಿ ತೀರಿಕೊಂಡ. ಹೊರಟ ಬಸ್ಸನ್ನು ಕಳಿಸಿ ಬಂದು, ಅದು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕುಳಿತವನು ಹಾಗೆಯೇ ಪಕ್ಕಕ್ಕೆ ಒರಗಿದ. ಜೊತೆಗೆ ನಾನಿದ್ದೆ. ವಯಸ್ಸು ಐವತ್ತು ದಾಟಿ ಒಂದೋ ಎರಡೋ ವರ್ಷವಾಗಿರಬೇಕು. ಅಂದೇ ಸಂಜೆ ಊರಿಗೆ ತಂದು ಮಣ್ಣು ಮಾಡಿದರು.

ತಂಗಿಯ ಮನೆಯಲ್ಲಿ ಏನನ್ನೋ ತಿಂದು ಸತ್ತ ಎಂದು ಪೇಟೆಯಲ್ಲಿ ಮಾತು ಹಬ್ಬಿದೆ. ಹತ್ತು ವರ್ಷದ ಮೇಲಾಗಿತ್ತು ಅವನು ಆ ಮನೆಯ ಹೊಸ್ತಿಲು ತುಳಿದು, ಆದ್ದರಿಂದ ಮಾತಿಗೆ ಕಾಲು ಬಂದಿದೆ. ಅಂದು ಅವನು ಉಂಡದ್ದನ್ನು ಅದೇ ಗಡಿಗೆಯಿಂದ ಮನೆಯವರೆಲ್ಲ ಉಂಡರು. ಅವರೆಲ್ಲ ಗಟ್ಟಿಯಾಗಿದ್ದಾರೆ. ಆರು ತಿಂಗಳಿಂದ ಅವನ ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ಅವನು ಅಲ್ಲಿಗೆ ಯಾಕೆ ಹೋದ ಎಂಬುದನ್ನು ಬರೆಯಬೇಕೆಂದರೆ ಅವನ ಹೊಟ್ಟೆಕಿಚ್ಚಿನ ಸಂಗತಿಯನ್ನೂ ಬರೆಯಬೇಕು. ಅದನ್ನು ಬಿಟ್ಟು ಬರೆದರೆ ಆ ಮನುಷ್ಯ ಲಾಡಸಾಬ ಆಗುವುದಿಲ್ಲ.

ಅತ್ತಾರರ ಅಂಗಡಿ ಎಂದರೆ ಅರ್ಧ ಸುಗಂಧ, ಅರ್ಧ ಗಿಡಮೂಲಿಕೆ. ಒಂದು ಕಪಾಟಿನಲ್ಲಿ ಹಿನಾ, ಗುಲಾಬಿ, ಕೇವಡಾದ ಅತ್ತರಿನ ಸೀಸೆಗಳು. ಉಳಿದ ಗೋಡೆಗೆಲ್ಲ ತಗಡಿನ ಡಬ್ಬಿಗಳು. ಲಾಡಸಾಬನ ತಂದೆ ಖಾಜಾಸಾಬರ ಕಾಲದಲ್ಲಿ ಆ ಅಂಗಡಿ ಹೆಸರಾದದ್ದು ಹೌಬೇರದ ಚೂರ್ಣದಿಂದ. ಹೌಬೇರ ಒಂದು ಒಣಗಿದ ಕಾಯಿ. ವೈದ್ಯರು ಅದಕ್ಕೆ ಹಪುಷ ಎನ್ನುತ್ತಾರೆ. ಮೆಣಸಿನ ಕಾಳಿಗಿಂತ ಕೊಂಚ ದಪ್ಪ, ಕಪ್ಪಿಗೆ ತಿರುಗಿದ ನೀಲಿ, ಮೇಲೆ ವಿಭೂತಿ ಸವರಿದಂತೆ ಬೂದಿ ಬಣ್ಣ. ನಮ್ಮ ಸೀಮೆಯಲ್ಲಿ ಅದರ ಗಿಡವೇ ಇಲ್ಲ. ಆಗ ಕ್ವೆಟ್ಟಾದ ಕಡೆಯ ಚಳಿಯ ಬೆಟ್ಟಗಳಿಂದ ಕರಾಚಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ರೈಲಿನಲ್ಲಿ ಗದಗಿಗೆ ವರ್ಷಕ್ಕೊಂದು ಚೀಲ ಬರುತ್ತಿತ್ತು. ಹೊಟ್ಟೆ ಉಬ್ಬರಕ್ಕೆ, ಮೂತ್ರ ಕಟ್ಟಿದ್ದಕ್ಕೆ, ಕೀಲು ನೋವಿಗೆ ಅದನ್ನು ಕುಟ್ಟಿ ಬೇರೆ ಸಾಮಾನಿನೊಡನೆ ಬೆರೆಸಿ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ ದಿನ ಊಟದ ಕೊನೆಗೆ ಮಜ್ಜಿಗೆಯಲ್ಲಿ ಒಂದು ಚಿಟಿಕೆ ಆ ಚೂರ್ಣ ಬೀಳಲೇಬೇಕಿತ್ತು. ಮಾಂಸದ ಅಡುಗೆ ಮಾಡುವವರು ಇಡೀ ಕಾಯಿಗಳನ್ನು ಜಜ್ಜಿ ಶೋರ್ವಾಕ್ಕೆ, ಅಂದರೆ ಮಾಂಸದ ಸಾರಿಗೆ, ಹಾಕುತ್ತಿದ್ದರು. ಮೊಲದ ಮಾಂಸದ ಹಸಿ ವಾಸನೆ ಅದರಿಂದಲೇ ಹೋಗುತ್ತದೆಂದು ಬೇಟೆಗಾರರು ಬಂದು ಒಯ್ಯುತ್ತಿದ್ದರು.

ಖಾಜಾಸಾಬರಿಗೆ ಒಂದು ನೇಮವಿತ್ತು. ಹೊಸ ಚೀಲ ಬಿಚ್ಚಿದಾಗ ಮೊದಲ ಮುಷ್ಟಿಯನ್ನು ಮಾರುವಂತಿಲ್ಲ. ಅದು ಮನೆಯ ಒಲೆಗೆ ಹೋಗಬೇಕು, ಶೋರ್ವಾದಲ್ಲಿ ಬೇಯಬೇಕು, ಮನೆಯವರು ಉಣ್ಣಬೇಕು. "ನಾವು ತಿನ್ನದ್ದನ್ನ ಮಂದಿ ಹೊಟ್ಟಿಗೆ ಹಾಕಬಾರದು" ಎನ್ನುತ್ತಿದ್ದರು. ಉಂಡ ಮೇಲೆ ಒಬ್ಬರು ಮಾಲು ಹೌದು ಅಥವಾ ಅಲ್ಲ ಎಂದು ಹೇಳಬೇಕು. ಹೌದೆಂದರೆ ಮಾತ್ರ ಅಂಗಡಿಯಲ್ಲಿ ತಕ್ಕಡಿ ಏಳುತ್ತಿತ್ತು.

ಹಾಗೆ ಹೇಳುವವಳು ಗುಲಾಬಬಿ, ಲಾಡಸಾಬನ ತಂಗಿ. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು.

ನಾನೂ ಲಾಡಸಾಬನೂ ಒಂದೇ ಶಾಲೆಯಲ್ಲಿ ಕಲಿತವರು. ಎರಡನೆಯ ಇಯತ್ತೆಯಲ್ಲಿದ್ದಾಗ ಅವನಿಗೆ ಸಿಡುಬು ಬಂತು. ಜೀವ ಉಳಿಯಿತು, ಮೂಗು ಮಂದವಾಯಿತು. ಅತ್ತಾರರ ಮಗನಿಗೆ ಮೂಗು ಇಲ್ಲದಿರುವುದೆಂದರೆ ಕುಸ್ತಿಯವನ ಮಗನಿಗೆ ತೋಳು ಇಲ್ಲದಂತೆ. ಅದನ್ನು ಅವನು ಊರಿಗೆ ತಿಳಿಯಗೊಡಲಿಲ್ಲ. ಅತ್ತರು ಮಾರುವಾಗ ಸೀಸೆಯ ಬಿರಡೆಯನ್ನು ಗಿರಾಕಿಯ ಮುಂಗೈಗೆ ಸವರಿ, ಅವರ ಮುಖ ನೋಡಿಯೇ ಇದು ಇವರಿಗೆ ಹಿಡಿಸಿತು, ಇದು ಹಿಡಿಸಲಿಲ್ಲ ಎಂದು ತಿಳಿಯುತ್ತಿದ್ದ. ಎಷ್ಟೋ ಮದುಮಕ್ಕಳ ಅತ್ತರು ಹಾಗೆ ಆರಿಸಿದವನು ಅವನು. ಆದರೆ ಮನೆಯೊಳಗೆ ಮುಚ್ಚಿಡಲು ಬರುತ್ತಿರಲಿಲ್ಲ. ಚೀಲ ಬಂದ ದಿನ ಖಾಜಾಸಾಬರು ಹಿರಿಯ ಮಗನನ್ನು ದಾಟಿ ಒಳಗೆ ಕೂಗುತ್ತಿದ್ದರು: "ಗುಲಾಬ, ಬಾರವಾ ಇಲ್ಲೆ." ಪರಕಾರದ ಲಂಗ ತೊಟ್ಟ ಆ ಹುಡುಗಿ ಬಂದು ಒಂದು ಕಾಯಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದಳು. ಒಮ್ಮೆ ನಾನು ಅಲ್ಲಿದ್ದೆ. ಲಾಡಸಾಬ ತಾನೂ ಒಂದು ಕಾಯಿ ತಿಕ್ಕಿ ಮೂಸಿ, "ಭಾಳ ಛಲೋ ಐತಿ ಅಬ್ಬಾ" ಎಂದ. ತಂದೆ ಅವನ ಕಡೆ ನೋಡಲೂ ಇಲ್ಲ. ಹೊರಗೆ ಬಂದ ಮೇಲೆ ನನಗೆ ಅಂದ: "ಪಾಂಡು, ಅಕೀಗೆ ಒಂದು ಸಲ ಜೋರ ನೆಗಡಿ ಬರಬೇಕಲೇ."

ಗುಲಾಬಬಿಯನ್ನು ಮುಂಡರಗಿಯ ಮಾಶಾಕನಿಗೆ ಕೊಟ್ಟರು. ಮಾಶಾಕ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು, ನಗುಮುಖದ ಮನುಷ್ಯ. ಆಗ ನಮ್ಮ ಊರು ಸಂಸ್ಥಾನಕ್ಕೆ ಸೇರಿತ್ತು, ಮುಂಡರಗಿ ಮುಂಬಯಿ ಸರಕಾರಕ್ಕೆ. ತಂಗಿ ಬೇರೆ ಸೀಮೆಗೆ ಹೋದಳು, ಇನ್ನು ತನ್ನ ದಾರಿ ಸಾಫಾಯಿತು ಎಂದುಕೊಂಡ ಲಾಡಸಾಬ. ಆದರೆ ಮುದುಕ ನೇಮ ಬಿಡಲಿಲ್ಲ. ವರ್ಷಕ್ಕೊಮ್ಮೆ ಮೊದಲ ಮುಷ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಮುಂಡರಗಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಮಾತು ಬರುವವರೆಗೆ ಚೀಲ ಮೂಲೆಯಲ್ಲಿ ಬಾಯಿ ಕಟ್ಟಿಕೊಂಡು ಕೂತಿರುತ್ತಿತ್ತು. ಅದನ್ನು ಒದೆಯುತ್ತ ಲಾಡಸಾಬ ಹಾದುಹೋಗುತ್ತಿದ್ದ. ಅವನ ಹೆಂಡತಿ ಅಲ್ಮಾಸಬಿಗೂ ಇದು ಮುಳ್ಳು. "ನಮ್ಮ ಮನ್ಯಾಗ ಒಲಿ ಇಲ್ಲೇನು? ನಾ ಏನ ಹುಲ್ಲು ಬೇಯಸ್ತೀನೇನು?" ಎಂದು ನನ್ನೆದುರಿಗೇ ಕೇಳಿದ್ದಳು.

ಮುಂಡರಗಿಯಲ್ಲಿ ಗುಲಾಬಬಿ ಬೇನೆ ಎಂದು ಬಂದವರಿಗೆ ಮನೆಯಲ್ಲೇ ಮದ್ದು ಕುಟ್ಟಿ ಕೊಡತೊಡಗಿದ್ದಳು. ನಾನು ಮಾಸ್ತರಿಕೆಯ ಕೆಲಸಕ್ಕೆ ಆಗಾಗ ಅಲ್ಲಿಗೆ ಹೋಗಬೇಕಾಗುತ್ತಿತ್ತು. ತಿರುಗಿ ಬಂದ ದಿನ ಸಂಜೆ ಲಾಡಸಾಬ ನನಗೆ ಚಹಾ ತರಿಸುತ್ತಿದ್ದ. ಅದೂ ಇದೂ ಮಾತಾಡಿ, ತಕ್ಕಡಿಯ ತಟ್ಟೆ ಒರೆಸುತ್ತ ಕೇಳುತ್ತಿದ್ದ.

"ಅಕೀ ಮನಿ ಮುಂದ ಮಂದಿ ಇದ್ರೇನು?"

"ಇದ್ರು."

"ಭಾಳ ಇದ್ರೋ, ಸ್ವಲ್ಪ ಇದ್ರೋ?"

"ಕೋಟುಮಚಗಿಯಿಂದ ಒಂದು ಚಕ್ಕಡಿ ಬಂದಿತ್ತು."

"ಕಲಾಯಿ ಹಾಕಿಸಾಕ ಬಂದಿರಬೇಕು."

"ಪಾತ್ರೆ ಕಾಣಲಿಲ್ಲ."

ತಟ್ಟೆಯನ್ನು ಇನ್ನಷ್ಟು ಒರೆಸುತ್ತಿದ್ದ.

ಇಷ್ಟು ಹೇಳಿದ ಮೇಲೆ ಅವನ ಗುಣವನ್ನೂ ಹೇಳಬೇಕು. ಲಾಡಸಾಬನ ನೆನಪು ದೊಡ್ಡದು. ಯಾವ ಓಣಿಯ ಯಾವ ಮನೆಯಲ್ಲಿ ಯಾರಿಗೆ ಏನು ಬೇನೆ ಎಂಬುದು ಅವನ ನಾಲಿಗೆಯ ಮೇಲೆ ಇರುತ್ತಿತ್ತು. ಬಸುರಿಗೆ ಹೌಬೇರ ಕೊಡಬಾರದು, ಗರ್ಭಕ್ಕೆ ಕೆಟ್ಟದ್ದು. ಆದ್ದರಿಂದ ಅದನ್ನು ಕೇಳಿದವರನ್ನೆಲ್ಲ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದ. ಒಮ್ಮೆ ಶಿರಹಟ್ಟಿ ಕಡೆಯ ಮಠವೊಂದರ ಅಯ್ಯನವರು ಬಂದರು. ಅವರನ್ನೂ ಬಿಡಲಿಲ್ಲ.

"ಮನ್ಯಾಗ ಯಾರರ ಬಸುರಿ ಅದಾರೇನ್ರಿ?"

"ಮಠದಾಗ ಎಮ್ಮಿ ಒಂದು ಬಿಟ್ಟರ ಬ್ಯಾರೆ ಯಾರೂ ಇಲ್ಲೋ ಲಾಡಸಾಬ."

"ಎಮ್ಮಿಗೂ ಕೊಡಬ್ಯಾಡ್ರಿ ಅಜ್ಜಾರ" ಎಂದು ಪೊಟ್ಟಣ ಕಟ್ಟಿಕೊಟ್ಟ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಖಾಜಾಸಾಬರು ತೀರಿಕೊಂಡರು. ನಲವತ್ತನೆಯ ದಿನದ ಊಟಕ್ಕೆ ಬಂದ ಬಳಗದವನೊಬ್ಬ ಕೈ ತೊಳೆಯುತ್ತ ಅಂದ: "ಮುದುಕನ ಗಲ್ಲಾ ಮಗಗ ಬಂತು. ಮೂಗು ಮುಂಡರಗಿಗೆ ಹೋತು." ನಾಲ್ಕು ಜನ ನಕ್ಕರು. ಗುಲಾಬಬಿ ನಗಲಿಲ್ಲ, ಆದರೆ ಅಲ್ಲ ಎನ್ನಲೂ ಇಲ್ಲ. ಲಾಡಸಾಬ ಅಂದಿನಿಂದ ತಂಗಿಯ ಮನೆಗೆ ಹೋಗುವುದನ್ನು ಬಿಟ್ಟ. ಆ ವರ್ಷದ ಚೀಲದ ಮೊದಲ ಮುಷ್ಟಿ ಅಲ್ಮಾಸಬಿಯ ಒಲೆಯ ಮೇಲೆ ಬೆಂದಿತು. ಲಾಡಸಾಬ ಉಂಡು, ತಾನೇ ಹೌದೆಂದು ಹೇಳಿ, ತಕ್ಕಡಿ ಎತ್ತಿದ. ಪುಣ್ಯಕ್ಕೆ ಆ ಮಾಲು ಚೆನ್ನಾಗಿಯೇ ಇತ್ತು. ಯಾರೂ ದೂರಲಿಲ್ಲ. "ಮೂಗಂತ ಮೂಗು" ಎಂದು ತಿಂಗಳುಗಟ್ಟಲೆ ಅಂದುಕೊಂಡು ಓಡಾಡಿದ.

ಮರುವರ್ಷ ದೇಶ ಎರಡಾಯಿತು. ಹೌಬೇರ ಬೆಳೆಯುವ ಬೆಟ್ಟ ಆಚೆ ಉಳಿಯಿತು. ಗದಗಿನ ಠೋಕ (ಸಗಟು) ವ್ಯಾಪಾರಿ ವಿರೂಪಾಕ್ಷಪ್ಪ ಮುಂಬಯಿಗೆ ತಾರು ಕೊಟ್ಟು ನೋಡಿ ಕೈ ಆಡಿಸಿದ. ಲಾಡಸಾಬನ ಹತ್ತಿರ ಹಿಂದಿನ ಮಾಲಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿಯಷ್ಟು ಉಳಿದಿತ್ತು. ಅದು ಗೊತ್ತಿದ್ದೇ ಗುಲಾಬಬಿ ಗಂಡನನ್ನು ಕಳಿಸಿದಳು. ಮಾಶಾಕ ಬಂದು, ಹಿಡಿಯಷ್ಟಾದರೂ ಕೊಡು, ಓಣಿಯ ಮುದುಕಿಯೊಬ್ಬಳಿಗೆ ಕೈಕಾಲು ಬಾತಿವೆ ಎಂದ. "ಒಂದು ಕಾಳೂ ಇಲ್ಲ ಭಾವಾ" ಎಂದ ಲಾಡಸಾಬ. ಮಾಶಾಕನ ಬೆನ್ನು ತಿರುಗಿದ ಮೇಲೆ, ಯಾರ ಕಣ್ಣಿಗೂ ಬೀಳದಿರಲಿ ಎಂದು ಡಬ್ಬಿಯನ್ನು ತೆಗೆದು ಅತ್ತರಿನ ಕಪಾಟಿನಲ್ಲಿ, ಸೀಸೆಗಳ ಹಿಂದೆ ಇಟ್ಟ.

ಹೌಬೇರ ವಾಸನೆ ಕುಡಿಯುವ ಕಾಯಿ. ಪಕ್ಕದಲ್ಲಿ ಏನಿದೆಯೋ ಅದನ್ನೇ ಹೀರುತ್ತದೆ. ಅತ್ತಾರರ ಮನೆಯ ಕೂಸಿಗೂ ಗೊತ್ತಿರುವ ಸಂಗತಿ ಅದು. ಆದರೆ ಗೊತ್ತಿರುವುದು ಬೇರೆ, ಕಪಾಟಿನ ಬಾಗಿಲು ತೆರೆದಾಗಲೆಲ್ಲ ಮೂಗು ಬಂದು ಎಚ್ಚರಿಸುವುದು ಬೇರೆ. ಅವನನ್ನು ಎಚ್ಚರಿಸುವವರು ಇರಲಿಲ್ಲ. ಎರಡು ವರ್ಷ ಆ ಡಬ್ಬಿ ಹಿನಾ, ಕೇವಡಾದ ನಡುವೆ ಇತ್ತು. ಆಮೇಲೆ, ಎಲ್ಲಿಯೂ ಹೌಬೇರ ಸಿಗದ ಕಾಲದಲ್ಲಿ, ನನ್ನಲ್ಲಿ ಮಾತ್ರ ಇದೆ ಎಂದು ಚೂರ್ಣ ಮಾಡಿ ಹೊರಗಿಟ್ಟ.

ಯುಗಾದಿಯ ಮರುದಿನ ನಮ್ಮ ಮನೆಯಲ್ಲಿ ಹೋಳಿಗೆ ಊಟ. ನನ್ನ ಹೆಂಡತಿ ಯಮುನಾಬಾಯಿ ಮಜ್ಜಿಗೆಗೆ ಚೂರ್ಣ ಕಲಸಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು ಅಂದಳು: "ಇದೇನ್ರಿ, ಮಜ್ಜಿಗ್ಯಾಗ ಲಗ್ನದ ವಾಸನಿ." ನಾಲ್ಕು ದಿನದಲ್ಲಿ ಈ ಮಾತು ಊರೆಲ್ಲ ತಿರುಗಿತು. ಲಾಡಸಾಬನ ಚೂರ್ಣ ತಿಂದವರು ಹೊಟ್ಟೆ ಹಿಡಿದುಕೊಂಡೇ ಬೀಗರ ಮನೆಗೆ ಹೋಗಬಹುದು ಎಂದರು. ತೇಗು ಬಂದರೆ ಓಣಿಗೆಲ್ಲ ಪನ್ನೀರು ಚಿಮುಕಿಸಿದಂತೆ ಎಂದರು. ಕೊನೆಗೆ ಅವನಿಗೆ ನಾನೇ ಹೇಳಬೇಕಾಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಅದರಲ್ಲಿ ಉಳಿದಿದ್ದ ಒಂದು ಕಾಯಿ ತಿಕ್ಕಿ ಮೂಸಿದ, ಮತ್ತೆ ಮೂಸಿದ. ಅವನಿಗೆ ಏನೂ ತಿಳಿಯಲಿಲ್ಲ ಎಂಬುದು ನನಗೆ ತಿಳಿಯಿತು. ಆಮೇಲೆ ಅವನು ಕೇಳಿದ್ದು ಒಂದೇ ಮಾತು: "ಮುಂಡರಗಿಗೆ ಗೊತ್ತಾಗೇತೇನು?"

ಗೊತ್ತಾಗಿತ್ತು. ಅದಕ್ಕಿಂತ ಅವನನ್ನು ಸುಟ್ಟ ಸಂಗತಿ ಇನ್ನೊಂದು. ಹೌಬೇರ ಸಿಗದೆ ಗುಲಾಬಬಿ ಓಮ, ಸಬ್ಬಸಿಗೆ ಬೀಜ, ಒಣಶುಂಠಿ, ಸೈಂಧವ ಹಾಕಿ ಬೇರೊಂದು ಚೂರ್ಣ ಮಾಡಿದ್ದಳು. ಅದು ಹೊಟ್ಟೆಗೆ ಹತ್ತಿತು. ಹೌಬೇರ ಇಲ್ಲವೆಂದು ಮೊದಲೇ ಹೇಳಿ ಕೊಡುತ್ತಿದ್ದಳು. ಆದರೂ ಜನ ಅದಕ್ಕೆ ಅಬ್ಬಾನ ಚೂರ್ಣ ಎಂದು ಕರೆದರು.

"ಯಾರ ಅಬ್ಬಾ?" ಎಂದು ಲಾಡಸಾಬ ನನ್ನನ್ನು ಕೇಳಿದ.

"ನಿಮ್ಮಿಬ್ಬರ ಅಬ್ಬಾನೇ."

"ನಮ್ಮಿಬ್ಬರ ಅಬ್ಬಾ ಆದ್ರ ಅಂಗಡಿ ಇಲ್ಲೈತಿ. ಮಂದಿ ಅಲ್ಲಿಗ್ಯಾಕ ಹೋಗ್ತಾರ?"

ಆ ವರ್ಷಗಳಲ್ಲಿ ಅವನು ಬಡವಾದ. ಅನ್ನಕ್ಕೆ ಕೊರತೆಯಿರಲಿಲ್ಲ, ಅತ್ತರು ಹೋಗುತ್ತಿತ್ತು, ಊದುಬತ್ತಿ ಹೋಗುತ್ತಿತ್ತು. ಆದರೆ ಬೇನೆಯ ಜನ ಅವನ ಅಂಗಡಿಯ ಮುಂದಿನಿಂದಲೇ ಮುಂಡರಗಿಯ ಬಸ್ಸು ಹತ್ತುತ್ತಿದ್ದರು. ಅವರನ್ನು ನೋಡಿ ಇವನಿಗೆ ಇಂಥ ಬೇನೆ, ಇವಳಿಗೆ ಇಂಥದು ಎಂದು ಮೆಲ್ಲಗೆ ಹೇಳುತ್ತ ಕೂತಿರುತ್ತಿದ್ದ. ಅವನು ಹೇಳಿದ್ದು ಸರಿಯೇ ಇರುತ್ತಿತ್ತು.

ಸಂಸ್ಥಾನ ವಿಲೀನವಾಯಿತು. ಹೋದ ವರ್ಷ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಗದಗಿನ ಸಂಭ್ರಮ ನೋಡಲು ನಾವಿಬ್ಬರೂ ಹೋಗಿದ್ದೆವು. ವಿರೂಪಾಕ್ಷಪ್ಪ ತನ್ನ ಗೋದಾಮಿನ ಮುಂದೆ ಎಲ್ಲರಿಗೂ ಪೇಡೆ ಹಂಚುತ್ತಿದ್ದ. ಲಾಡಸಾಬನ ಕೈಗೆ ಎರಡು ಪೇಡೆ ಇಟ್ಟು, "ಸಂಸ್ಥಾನ ಕೂಡಿತು, ನಾಡೂ ಕೂಡಿತು. ನಿಮ್ಮದೊಂದು ಮನಿ ಉಳದೈತಿ ನೋಡಪಾ" ಎಂದ. ಆಮೇಲೆ, ಪಂಜಾಬದ ಕಡೆಯ ವ್ಯಾಪಾರಿಯೊಬ್ಬ ಹಿಮಾಲಯದ ಹೌಬೇರ ಕಳಿಸುತ್ತೇನೆ ಎಂದಿದ್ದಾನೆ, ಒಂದು ಚೀಲ ನಿನಗಿಡುತ್ತೇನೆ ಎಂದ. ಲಾಡಸಾಬ ಪೇಡೆ ತಿನ್ನುವುದನ್ನೇ ಮರೆತು ಜೇಬಿಗೆ ಹಾಕಿಕೊಂಡ.

ಚೀಲ ಬಂದದ್ದು ಈ ಬೇಸಗೆಯಲ್ಲಿ. ಹತ್ತು ವರ್ಷದ ಮೇಲೆ ಬಂದ ಹೌಬೇರ. ಬರುವ ಸಂತೆಯ ದಿನ ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ತಕ್ಕಡಿ ಎತ್ತುತ್ತೇನೆ ಎಂದು ಲಾಡಸಾಬ ಪೇಟೆಗೆಲ್ಲ ಹೇಳಿದ. ಕೇಳಿದವರು ಖುಷಿಪಟ್ಟರು. ಖುಷಿಪಟ್ಟು ಒಬ್ಬರಾದ ಮೇಲೊಬ್ಬರು ಒಂದೇ ಮಾತು ಕೇಳಿದರು: "ಗುಲಾಬಬಿ ನೋಡ್ಯಾಳೇನು?" ಗಾಡಿಯವನು ಕೇಳಿದ, ಹಾಲಿನವಳು ಕೇಳಿದಳು. ನನ್ನ ಹೆಂಡತಿ ನನ್ನಿಂದ ಕೇಳಿಸಿದಳು. ಅಲ್ಮಾಸಬಿ ಮೊದಲ ಮುಷ್ಟಿ ಬೇಯಿಸಿದಳು, ಇಬ್ಬರೂ ಉಂಡರು. "ಹೆಂಗೈತಿ?" ಎಂದು ಇವನು ಕೇಳಿದರೆ, "ನನಗ ತಿಳೀವಲ್ದು. ನಾ ಹೌದಂದ್ರ ಯಾರು ಕೇಳ್ತಾರ? ಹೋಗಿ ಅಕೀನ್ನ ಕೇಳ್ರಿ" ಎಂದು ತಾಟು ಎತ್ತಿಕೊಂಡು ಹೋದಳು.

ಸಂತೆಯ ದಿನ ಬೆಳಿಗ್ಗೆ ನನ್ನ ಮನೆಗೆ ಬಂದ. ಕೈಯಲ್ಲಿ ಚಿಕ್ಕ ಗಂಟು. ಕಾಲು ಬಾಳೆಯ ದಿಂಡಿನಂತೆ ಊದಿದ್ದವು.

"ಬರ್ತೀಯೇನು ಮುಂಡರಗಿಗೆ?"

"ತಂಗಿ ಮನಿಗೇನು?"

"ತಂಗಿ ಮನಿಗಲ್ಲ. ಮುಂಡರಗಿಗೆ."

ಬಸ್ಸು ಶಿರಹಟ್ಟಿ ದಾಟಿ ಬೆಳ್ಳಟ್ಟಿಗೆ ಬಂತು. ಅಲ್ಲಿ ಅಂದ: "ಅಕಿ ಛಲೋ ಐತಿ ಅಂದ್ರ, ಅದು ನನಗ ಮೊದಲ ಗೊತ್ತಿತ್ತು ಅಂತೀನಿ. ನೀ ಸಾಕ್ಷಿ ಇರು."

ಅಂಗಳದಲ್ಲಿ ಕಲಾಯಿಯ ಬೆಂಕಿಗೆ ಭಾತಿ ಒತ್ತುತ್ತಿದ್ದ ಮಾಶಾಕ ಎದ್ದು ನಿಂತ. ಗುಲಾಬಬಿ ಬಾಗಿಲಿಗೆ ಬಂದಳು. ಅಣ್ಣನ ಮುಖ ನೋಡುವ ಮೊದಲು ಕಾಲು ನೋಡಿದಳು.

"ಕುಂಡ್ರಣ್ಣಾ" ಎಂದಳು.

"ಕುಂಡ್ರಾಕ ಬಂದಿಲ್ಲ. ಇದನ್ನ ನೋಡು" ಎಂದು ಗಂಟು ಮುಂದೆ ಹಿಡಿದ.

ಅವಳು ಒಂದು ಕಾಯಿ ಅಂಗೈಯಲ್ಲಿ ತಿಕ್ಕಿ ಮೂಸಿದಳು. "ಬೇಯಸದ ಹೇಳಬಾರದು" ಎಂದು ಒಳಗೆ ಹೋದಳು. ನಾನು ಹೊರಗಿನ ಕಟ್ಟೆಯ ಮೇಲೆ ಬಾಳೆಹಣ್ಣು, ಚಹಾದಲ್ಲಿ ತೃಪ್ತನಾಗಿ ಕೂತೆ. ಬಾಗಿಲು ತೆರೆದಿತ್ತು, ಎಲ್ಲ ಕೇಳುತ್ತಿತ್ತು, ಕಾಣುತ್ತಿತ್ತು. ಶೋರ್ವಾ ಬಂತು, ರೊಟ್ಟಿ ಬಂತು. ಲಾಡಸಾಬ ಮೊದಲ ತುತ್ತು ನುಂಗಿದ. ಎರಡನೆಯದಕ್ಕೆ ಅವನ ಕೈ ಅವಸರ ಮಾಡಿತು. ಬಟ್ಟಲು ಬರಿದಾಗುವವರೆಗೆ ತಲೆ ಎತ್ತಲಿಲ್ಲ. ರೊಟ್ಟಿಯ ಚೂರಿನಿಂದ ಬಟ್ಟಲು ಒರೆಸಿ ತಿಂದು ಅಂದ: "ಉಪ್ಪು ಕಡಿಮಿ ಆಗೈತಿ."

"ಉಪ್ಪು ಸರಿ ಐತಿ. ಮಾಲು ಸರಿ ಇಲ್ಲ."

ಮಾಶಾಕ ತಿನ್ನುವುದನ್ನು ನಿಲ್ಲಿಸಿದ.

"ಏನಾಗೇತಿ ಮಾಲಿಗೆ?"

"ಹಸೀದು ಹರದು ಹೊಗ್ಯಾಗ ಒಣಗಿಸ್ಯಾರ. ಸೀ ಬಂದಿಲ್ಲ. ಗಂಟಲ ಹಿಂದ ಕಹಿ ನಿಂತೈತಿ ನೋಡು. ಹೊಟ್ಟಿ ಬ್ಯಾನಿ ಇದ್ದಾವ್ರಿಗೆ ಕೊಟ್ರ ಹೆಚ್ಚ ಆಗ್ತೈತಿ. ಮಾರಬ್ಯಾಡಣ್ಣಾ. ವಿರೂಪಾಕ್ಷಪ್ಪಗ ತಿರುಗಿ ಕಳಸು."

"ಹತ್ತು ವರ್ಷ ಕಾದೀನಿ."

"ಖರೆ ಐತಿ."

"ನೀ ಸುಳ್ಳ ಹೇಳತಿ. ಮಂದಿ ನಿನ್ನ ಬಾಗಿಲಾ ಬಿಟ್ಟು ನನ್ನ ಅಂಗಡಿಗೆ ಬಂದಾರು ಅಂತ."

"ಹಂಗಾರ ಮಾರು" ಎಂದಳು. ದನಿ ಏರಿಸಲಿಲ್ಲ. "ನನ್ನ ಯಾಕ ಕೇಳಾಕ ಬಂದಿ?"

ಅವನು ಎದ್ದ. ಬಾಗಿಲಲ್ಲಿ ನಿಂತು, "ಅಬ್ಬಾ ಇದ್ದಾಗೂ ಇದ, ಈಗೂ ಇದ" ಎಂದು ಹೊರಟ. ಈ ಕಾಲಿನಲ್ಲಿ ಹೋಗಬೇಡ, ಇಂದು ಇಲ್ಲೇ ಇರು ಎಂದು ಅವಳು ಅಂಗಳದವರೆಗೆ ಬಂದು ಕರೆದಳು. ತಿರುಗಲಿಲ್ಲ.

ಬಸ್ಸು ಹೊರಡಲು ನಿಂತಿತ್ತು. ನಮ್ಮ ಊರಿನ ಸಂತೆಗೆ ಹೊರಟ ಜನ, ಬುಟ್ಟಿ, ಕೋಳಿ ತುಂಬಿ, ಬಾಗಿಲಲ್ಲೂ ಮಂದಿ ಜೋತುಬಿದ್ದಿದ್ದರು. ಕಂಡಕ್ಟರ್ ಸಂಗಪ್ಪ ನಮ್ಮ ಊರಿನವನೇ. "ಇಬ್ಬರಿಗೆ ಜಾಗಾ ಇಲ್ರಿ ಮಾಸ್ತರ, ಮುಂದಿನ ಗಾಡಿಗೆ ಬರ್ರಿ" ಎಂದ. ಇದೇ ಬಸ್ಸು ಮುಟ್ಟುವ ಹೊತ್ತಿಗೆ ಊರಿನ ಅಂಗಡಿಯಲ್ಲಿ ತಕ್ಕಡಿ ಏಳಬೇಕು. ಜನ ಬಂದು ನಿಂತಿರುತ್ತಾರೆ, ಅಲ್ಮಾಸಬಿ ಚೀಲದ ಬಾಯಿ ಬಿಚ್ಚುತ್ತಾಳೆ. ಲಾಡಸಾಬ ಕಟ್ಟೆಗೆ ಕೈಕೊಟ್ಟು ನಿಂತ. ಅವನ ಮುಖದಲ್ಲಿ ಬೆವರು. ಏನೂ ಹೇಳದೆ ಬಿಟ್ಟುಬಿಡುತ್ತಾನೆಂದೇ ನಾನು ತಿಳಿದಿದ್ದೆ.

"ಸಂಗಪ್ಪಾ" ಎಂದ. "ನಮ್ಮ ಮನ್ಯಾಗ ಹೇಳು. ಚೀಲ ಬಿಚ್ಚಬ್ಯಾಡ. ಮಾಲು ಛಲೋ ಇಲ್ಲ. ನಾ ನೋಡೀನಿ ಅಂತ ಹೇಳು."

"ಆತು ಬಿಡ್ರಿ" ಎಂದು ಸಂಗಪ್ಪ ಗಂಟೆ ಎಳೆದ.

ಬಸ್ಸು ಧೂಳೆಬ್ಬಿಸಿ ಹೊರಟಿತು. ನಾನು ಅವನ ತೋಳು ಹಿಡಿದು ಕೂರಿಸಲು ಹೋದೆ. ಅವನು ನನ್ನ ಕೈ ಬಿಡಿಸಿಕೊಂಡ. ಎರಡು ಹೆಜ್ಜೆ ನಡೆದ, ಆಮೇಲೆ ಓಡಿದ. ಆ ಕಾಲುಗಳಲ್ಲಿ ಓಡಿ, ಬಸ್ಸು ಪೇಟೆಯ ತಿರುವಿನಲ್ಲಿ ನಿಧಾನಿಸಿದಾಗ ಅದರ ತಗಡಿಗೆ ಅಂಗೈಯಿಂದ ಬಡಿದ. ಬಸ್ಸು ನಿಂತಿತು. ಸಂಗಪ್ಪ ಕಿಟಕಿಯಿಂದ ತಲೆ ಹಾಕಿದ.

"ಮತ್ತೇನ್ರಿ ಅತ್ತಾರ?"

ಲಾಡಸಾಬ ಕಿಟಕಿಯ ಸರಳು ಹಿಡಿದುಕೊಂಡ. ಉಸಿರು ಸಿಗುತ್ತಿರಲಿಲ್ಲ.

"ನಾ ನೋಡೀನಿ ಅನಬ್ಯಾಡ. ಗುಲಾಬಬಿ ಬ್ಯಾಡ ಅಂದ್ಲು ಅನ್ನು."

"ಇಷ್ಟಕ್ಕ ಗಾಡಿ ನಿಂದ್ರಿಸಿದ್ರೇನ್ರಿ?" ಎಂದ ಸಂಗಪ್ಪ. ಒಳಗೆ ಯಾರೋ ನಕ್ಕರು.

"ಸಂತ್ಯಾಗ ನಿಂತು ಹೇಳು. ಎಲ್ಲಾರಿಗೂ ಕೇಳೂ ಹಂಗ ಹೇಳು."

ಸಂಗಪ್ಪ ಹೂಂ ಎಂದ. ಲಾಡಸಾಬ ಸರಳು ಬಿಟ್ಟು ಹಿಂದೆ ಸರಿದು, ಹೋಗು ಎಂದು ಡ್ರೈವರನಿಗೆ ಕೈಮಾಡಿದ.